ಹದಿನೈದನೆಯ ಕೋಲು

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 8.40ಕ್ಕೆ ಉನ್‌ಗೊಕ್ ಪೊಲೀಸ್ ಠಾಣೆಯೊಳಕ್ಕೆ ಒಬ್ಬ ಹೆಂಗಸು ಗಾಲ್ಫ್ ಕೋಲು ಹಿಡಿದುಕೊಂಡು ಬಂದಳು. ಕೋಲಿನ ಹಿಡಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಪೇದೆ ಜೆಗಾಲ್ ಇವಳು ಯಾರಿಗೋ ಬಾರಿಸಿಯೇ ಬಂದಿದ್ದಾಳೆ ಅಂದುಕೊಂಡು ಎದ್ದು ನಿಂತ.

"ಯಾರಿಗೆ ಹೊಡೆದ್ರಮ್ಮ?"

"ನಾನ್ಯಾರಿಗೂ ಹೊಡೆದಿಲ್ಲ. ನನಗೇ ಹೊಡೆದಿದಾರೆ. ಇನ್ಸ್‌ಪೆಕ್ಟರ್ ಎಲ್ಲಿ?"

ಇನ್ಸ್‌ಪೆಕ್ಟರ್ ಪ್ಯೊ ಸಂಗ್ಗು ಒಳಗೆ ಹಲ್ಲುನೋವಿಗೆ ಉಪ್ಪುನೀರು ಮುಕ್ಕಳಿಸುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ. ಗಾಲ್ಫ್ ಕೋಲು ನೋಡಿದ ಕೂಡಲೇ ಅವನ ಮುಖ ಇನ್ನಷ್ಟು ಗಂಟಿಕ್ಕಿತು. ಊರಿನ ಬೆಟ್ಟ ಬೋಳಿಸಿ ಗಾಲ್ಫ್ ಮೈದಾನ ಮಾಡಿದಾಗ ಅವನ ತಾತನ ಸಮಾಧಿಯನ್ನು ಅಗೆದು ಬೇರೆ ಕಡೆ ಹಾಕಬೇಕಾಗಿತ್ತು. ಅದಾಗಿ ಹದಿನೆಂಟು ವರ್ಷ. ಅಷ್ಟೂ ವರ್ಷ ಅವನು ಆ ಮೈದಾನದ ಗೇಟು ದಾಟಿರಲಿಲ್ಲ.

ಹೆಂಗಸು ಕೋಲನ್ನು ಮೇಜಿನ ಮೇಲಿಟ್ಟಳು.

"ಇದು ಹದಿನೈದನೇದು. ನನ್ನ ಹೆಸರು ಗಿಲ್ ಮ್ಯೊಂಗ್ಜಾ. ಇಪ್ಪತ್ತೆರಡು ವರ್ಷದಿಂದ ಕ್ಯಾಡಿ ಕೆಲಸ. ಆಟಗಾರರ ಚೀಲ ಹೊರೋದು, ದೂರ ಹೇಳೋದು, ಗಾಳಿ ನೋಡೋದು. ಚೀಲದಲ್ಲಿ ಹದಿನಾಲ್ಕು ಕೋಲಷ್ಟೇ ಇರಬೇಕು, ಅದು ನಿಯಮ. ನಿನ್ನೆ ಕೊನೇ ದಿನದ ಆಟದಲ್ಲಿ ನಮ್ಮ ಹುಡುಗಿ ಚೀಲದಲ್ಲಿ ಒಂದು ಜಾಸ್ತಿ ಸಿಕ್ತು. ನಾಲ್ಕು ಹೊಡೆತ ದಂಡ ಹಾಕಿದ್ರು."

"ಅದಕ್ಕೆ ಪೊಲೀಸ್ ಯಾಕಮ್ಮ? ಗಾಲ್ಫ್ ಸಂಘಕ್ಕೆ ಹೋಗಿ."

"ಸಂಘದವ್ರೇ ನನ್ನ ಕ್ಯಾಡಿ ಕಾರ್ಡ್ ಕಿತ್ಕೊಂಡಿದ್ದು. ಆ ಹುಡುಗಿ ಸೋಲ್ತಾಳೆ ಅಂತ ಆಟ ಶುರುವಾಗೋ ಮುಂಚೆ ಯಾರ್ಯಾರೋ ರಾಶಿ ಬಾಜಿ ಕಟ್ಟಿದ್ರಂತೆ. ದುಡ್ಡು ತಿಂದು ನಾನೇ ಕೋಲು ಇಟ್ಟೆ ಅಂತ ಮಾತು. ಶುಕ್ರವಾರ ಹತ್ತು ಗಂಟೆಗೆ ವಿಚಾರಣೆ. ಅವತ್ತು ತಪ್ಪು ನಂದು ಅಂತಾದ್ರೆ ಸಾಯೋವರೆಗೂ ಇನ್ನೊಬ್ಬರ ಚೀಲ ಮುಟ್ಟೋ ಹಾಗಿಲ್ಲ."

"ನೀವೇ ಇಟ್ಟಿದ್ರೆ?"

"ಹಾಗಿದ್ರೆ ನನ್ನೇ ಹಿಡೀರಿ. ಆದ್ರೆ ಹುಡುಕಿ ಹಿಡೀರಿ. ಯಾರೂ ಹುಡುಕ್ದೆ ಇದ್ರೆ ಕಳ್ಳಿ ನಾನೇ ಆಗ್ತೀನಿ."

ಪ್ಯೊ ಉಪ್ಪುನೀರಿನ ಲೋಟ ಕೆಳಗಿಟ್ಟು ಬಂದು ಕೂತ. ಪ್ಲಾಸ್ಟಿಕ್ ಹಾಳೆಯನ್ನು ಬೆರಳಲ್ಲಿ ತೋರಿಸಿದ.

"ಇದ್ಯಾಕೆ?"

"ಬೆರಳಚ್ಚು ಅಳಿಸ್ಬಾರದಲ್ಲ. ಟಿವಿಲಿ ನೋಡಿದೀನಿ."

9.15ಕ್ಕೆ ಎಫ್‌ಐಆರ್ ದಾಖಲಾಯಿತು. ಕೋಲನ್ನು ವಶಕ್ಕೆ ತೆಗೆದುಕೊಂಡು ಪಂಚನಾಮೆ ಬರೆದರು: ಒಂಬತ್ತನೇ ನಂಬರಿನ ಕಬ್ಬಿಣದ ಕೋಲು, ಬಳಸಿದ್ದು, ಸ್ವಚ್ಛವಾಗಿದೆ. ಬೆರಳಚ್ಚಿನವರು ಮಧ್ಯಾಹ್ನದ ಹೊತ್ತಿಗೆ ಕೈಚೆಲ್ಲಿದರು. ಹಿಡಿಯ ಮೇಲೆ ಆಟಗಾರ್ತಿಯದೂ ಮ್ಯೊಂಗ್ಜಾಳದೂ ಬಿಟ್ಟರೆ ಬೇರೆ ಗುರುತಿರಲಿಲ್ಲ. ಇಟ್ಟವನು ಒರೆಸಿಯೇ ಇಟ್ಟಿದ್ದ.

ಪೇದೆ ತಾಕ್ ಯಂಗ್ರಾನ್ ಮ್ಯೊಂಗ್ಜಾಳ ಹೇಳಿಕೆ ಬರೆದುಕೊಂಡಳು. ತಾಕ್‌ಗೆ ಮೂವತ್ತನಾಲ್ಕು. ಪ್ರಶ್ನೆ ಕಡಿಮೆ, ಬರವಣಿಗೆ ವೇಗ.

"ಕೊನೇ ಸಲ ಎಣಿಸಿದ್ದು ಯಾವಾಗ?"

"ಎರಡು ಸಲ ಎಣಿಸಿದೆ. 6.40ಕ್ಕೆ ಒಂದು ಸಲ, ಫೋಟೋ ಇದೆ. ಅಭ್ಯಾಸದ ಜಾಗ ಬಿಡೋವಾಗ 8 ಗಂಟೆಗೆ ಇನ್ನೊಂದು ಸಲ, ಅದಕ್ಕೂ ಫೋಟೋ ಇದೆ. ಹದಿನಾಲ್ಕೇ."

"ಆಟ ಶುರುವಾಗಿದ್ದು?"

"8.22."

"ಶುರು ಮಾಡೋ ಜಾಗದಲ್ಲಿ ಎಣಿಸೋದಿಲ್ವಾ? ಎಲ್ಲಾ ಕ್ಯಾಡಿಗಳೂ ಅಲ್ಲೇ ಎಣಿಸ್ತಾರೆ ಅಂತ ಕೇಳಿದೀನಿ."

"ಎಣಿಸ್ತಾರೆ. ನಾನೂ ಎಣಿಸ್ತಿದ್ದೆ. ಈ ಹುಡುಗಿ ಹತ್ರ ಕೆಲಸಕ್ಕೆ ಸೇರಿದ ದಿನವೇ ಅವಳು ಕೇಳ್ಕೊಂಡ್ಳು, 'ಚಿಕ್ಕಮ್ಮ, ಅಲ್ಲಿ ಮಾತ್ರ ಎಣಿಸ್ಬೇಡಿ' ಅಂತ. ಮುಂಚೆ ಅವಳ ಚೀಲ ಹೊರ್ತಿದ್ದೋರು ಎಲ್ಲರೆದುರು ಒಂದು ಎರಡು ಅಂತ ಕೂಗಿ ಎಣಿಸ್ತಿದ್ರಂತೆ. ಅವಳಿಗೆ ನಾಚಿಕೆ ಆಗ್ತಿತ್ತು. ಅದಕ್ಕೆ ನಾನು ಅಭ್ಯಾಸದ ಜಾಗದಲ್ಲೇ ಎಣಿಸಿ ಮುಗಿಸ್ತೀನಿ."

"ಮುಂಚೆ ಯಾರು ಹೊರ್ತಿದ್ರು?"

"ಅವಳ ಅಪ್ಪ."

ತಾಕ್ ಬರೆದುಕೊಂಡಳು. ಎಂಟರಿಂದ ಎಂಟು ಇಪ್ಪತ್ತೆರಡು. ಇಡೀ ಕೇಸು ಆ ಇಪ್ಪತ್ತೆರಡು ನಿಮಿಷದೊಳಗೆ ಇತ್ತು.

ಮಧ್ಯಾಹ್ನ 2 ಗಂಟೆಗೆ ಪ್ಯೊ ಹದಿನೆಂಟು ವರ್ಷದ ಮೇಲೆ ಆ ಗೇಟು ದಾಟಿದ. ಮೂರನೇ ಗುಳಿಯ ಹುಲ್ಲುಹಾಸಿನ ಹಿಂದೆ, ತಾತ ಮಲಗಿದ್ದ ಜಾಗದಲ್ಲಿ ಈಗ ಮರಳುಗುಂಡಿ. ಅವನು ಅತ್ತ ನೋಡಲಿಲ್ಲ. ಅತಿಥಿಗೃಹದಲ್ಲಿ ಆಟಗಾರ್ತಿ ಯೊ ಉನ್ಸೊಲ್ ಕಾಯುತ್ತಿದ್ದಳು. ಇಪ್ಪತ್ಮೂರು ವರ್ಷ, ಬಿಸಿಲಿಗೆ ಕಂದಿದ ಮುಖ, ಎಡಗೈಗೆ ಗ್ಲೌಸ್ ಹಾಕಿ ಆಡುವುದರಿಂದ ಬಲಗೈ ಮಾತ್ರ ಕಪ್ಪು. ಪಕ್ಕದಲ್ಲಿ ಅವಳ ಅಪ್ಪ ಯೊ ಮನ್ಬೊಕ್ ಸೀಬೆಹಣ್ಣು ಹೆಚ್ಚುತ್ತಿದ್ದ. ಅರವತ್ತರ ಹತ್ತಿರದ ಗಟ್ಟಿ ಆಳು. ಮೊದಲು ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದನಂತೆ, ಮಂಡಿ ಎರಡೂ ಸವೆದಿದ್ದವು.

"ಸಾಹೇಬ್ರೇ, ಮೊದಲು ಹಣ್ಣು ತಗೊಳ್ಳಿ. ಆ ಹೆಂಗಸನ್ನ ಮಾತ್ರ ಬಿಡ್ಬೇಡಿ. ನನ್ನ ಮಗಳ ವರ್ಷಾನೇ ಹಾಳು ಮಾಡಿದ್ಳು. ವರ್ಷದ ಪಟ್ಟಿಲಿ ಅರವತ್ತನೇ ಸ್ಥಾನದೊಳಗೆ ಬಂದಿದ್ರೆ ಮುಂದಿನ ವರ್ಷ ನಿಶ್ಚಿಂತೆ ಇರ್ತಿತ್ತು."

"ಅಪ್ಪಾ, ಅವರು ಕೇಳ್ತಿರೋದು ನನ್ನ."

"ನಾನೇನು ಅಂದೆ ಈಗ? ಹಣ್ಣು ತಗೊಳ್ಳಿ ಅಂದೆ."

ಪ್ಯೊ ಹಣ್ಣು ಮುಟ್ಟಲಿಲ್ಲ. ಹಲ್ಲು.

"ಹೆಚ್ಚುವರಿ ಕೋಲು ಸಿಕ್ಕಿದ್ದು ಹೇಗೆ?"

"ಮೂರನೇ ಗುಳಿ ಚಿಕ್ಕದು, ನೀರಿನ ಮೇಲೆ ನೂರಾ ಇಪ್ಪತ್ತು ಮೀಟರ್," ಅಂದಳು ಉನ್ಸೊಲ್. "ನಂಗೆ ಅದು ಒಂಬತ್ತರ ಹೊಡೆತ. ಚಿಕ್ಕಮ್ಮ ಒಂಬತ್ತು ತೆಗೆದು ನನಗೆ ಕೊಡೋಕೆ ತಿರುಗಿದ್ರು. ಅಷ್ಟೊತ್ತಿಗೆ ನಾನೇ ನೋಡದೆ ಚೀಲಕ್ಕೆ ಕೈ ಹಾಕಿ ಒಂದು ಎಳ್ಕೊಂಡಿದ್ದೆ. ಅವರ ಕೈಲೂ ಒಂಬತ್ತು, ನನ್ನ ಕೈಲೂ ಒಂಬತ್ತು. ನಾನೇ ರೆಫರಿನ ಕರೆದೆ."

"ನೀವೇ?"

"ಮತ್ತಿನ್ನೇನು ಮಾಡ್ಲಿ? ಎರಡಿತ್ತಲ್ಲ."

ಒಂದು ಗುಳಿಗೆ ಎರಡು ಹೊಡೆತದಂತೆ, ಆಡಿ ಮುಗಿಸಿದ್ದ ಎರಡು ಗುಳಿಗೆ ನಾಲ್ಕು. ನಿಯಮದಲ್ಲಿ ಅದಕ್ಕಿಂತ ಹೆಚ್ಚಿನ ದಂಡವಿಲ್ಲ. ಉನ್ಸೊಲ್ 74 ಹೊಡೆತಕ್ಕೆ ಮುಗಿಸಿದಳು. ದಂಡ ಇಲ್ಲದಿದ್ದರೆ 70. ಗಾಲ್ಫಿನಲ್ಲಿ ಕಡಿಮೆ ಹೊಡೆದವಳೇ ಮುಂದೆ; ಬಾಜಿಯಲ್ಲಿ ಅವಳ ಎದುರು ಜೋಡಿಯಾಗಿದ್ದ ಮೊಕ್ ಹರಿಮ್ 72.

"ಮ್ಯೊಂಗ್ಜಾ ಮೇಲೆ ನಿಮಗೆ ಅನುಮಾನ ಇದೆಯಾ?"

ಹುಡುಗಿ ಬಾಯಿ ತೆರೆಯುವ ಮುಂಚೆ ಅಪ್ಪ ಹೇಳಿದ: "ಮತ್ತೆ ಚೀಲದ ಹತ್ರ ಇನ್ಯಾರಿದ್ರು?"

ಅಪ್ಪ ಹೆಚ್ಚಿಟ್ಟ ಹಣ್ಣಿನ ತಟ್ಟೆಯನ್ನು ಉನ್ಸೊಲ್ ಕೂಡ ಮುಟ್ಟಲಿಲ್ಲ.

ಮಂಗಳವಾರ ಬೆಳಿಗ್ಗೆ 7.30ಕ್ಕೆ ಪ್ಯೊ ಮತ್ತು ಜೆಗಾಲ್ ಮಾರುಕಟ್ಟೆ ಬೀದಿಯಲ್ಲಿ ಬ್ಯೊನ್‌ನ ಸಾರಿನ ಅಂಗಡಿಗೆ ಹೋದರು. ರಾತ್ರಿ ಕುಡಿದವರು ಬೆಳಿಗ್ಗೆ ತಲೆ ನೆಟ್ಟಗಾಗಲಿ ಅಂತ ಬರುವ ಅಂಗಡಿ ಅದು. ಬ್ಯೊನ್ ಖಾಸಗಿ ಸೈಟುಗಳಲ್ಲಿ ಬಾಜಿ ಕಟ್ಟುತ್ತಾನೆ ಅನ್ನುವುದು ಠಾಣೆಗೆಲ್ಲ ಗೊತ್ತಿತ್ತು. ಸರ್ಕಾರ ನಡೆಸುವ ಬಾಜಿ ಬಿಟ್ಟು ಉಳಿದದ್ದೆಲ್ಲ ಅಪರಾಧ ಅನ್ನುವುದು ಬ್ಯೊನ್‌ಗೂ ಗೊತ್ತಿತ್ತು.

"ಅಣ್ಣಾ, ಸಾರು ಕುಡಿಯೋಕೆ ಬಂದ್ರೋ, ನನ್ನ ರಕ್ತ ಕುಡಿಯೋಕೆ ಬಂದ್ರೋ?"

"ನಿನ್ನ ರಕ್ತದಲ್ಲಿ ಉಪ್ಪು ಜಾಸ್ತಿ. ಭಾನುವಾರದ ಗಾಲ್ಫ್ ಬಾಜಿ ಏನು ಹೇಳು."

"ಗಾಲ್ಫಾ? ನಾನು ಫುಟ್‌ಬಾಲ್ ಬಿಟ್ರೆ—"

ಪ್ಯೊ ಚಮಚವನ್ನು ಬಟ್ಟಲಿಗೆ ಕುಕ್ಕಿದ. ಸಾರು ಮೇಜಿಗೆ ಚೆಲ್ಲಿತು. "ಅಲ್ಲಿ ಒಬ್ಬ ಹೆಂಗಸಿನ ಇಪ್ಪತ್ತೆರಡು ವರ್ಷದ ಹೆಸರು ಹೋಗ್ತಾ ಇದೆ. ನೀನು ಇಲ್ಲಿ ನನಗೆ ಫುಟ್‌ಬಾಲ್ ಹೇಳ್ತೀಯಾ?"

ಬ್ಯೊನ್ ಬಟ್ಟೆ ತಂದು ಮೇಜು ಒರೆಸಿದ. ಒರೆಸುತ್ತಲೇ ಹೇಳಿದ:

"ಜೋಡಿ ಬಾಜಿ ಅಂತಾರೆ ಅಣ್ಣ. ಗಾಲ್ಫಿನಲ್ಲಿ ನೂರು ಜನ ಆಡ್ತಾರೆ, ಗೆಲ್ಲೋರು ಯಾರು ಅಂತ ಹೇಳೋದು ದೇವರಿಗೂ ಕಷ್ಟ. ಅದಕ್ಕೇ ಸೈಟಿನವರು ಇಬ್ಬರಿಬ್ಬರನ್ನ ಎದುರು ಹಾಕ್ತಾರೆ. ಅವತ್ತಿನ ದಿನ ಇವರಿಬ್ಬರಲ್ಲಿ ಯಾರದು ಕಡಿಮೆ ಹೊಡೆತ, ಅಷ್ಟೇ. ಉಳಿದ ತೊಂಬತ್ತೆಂಟು ಜನ ಹಾಳಾಗಿ ಹೋಗ್ಲಿ."

"ಅಂದ್ರೆ ಒಬ್ಬಳನ್ನ ಕೆಡಿಸಿದ್ರೆ ಸಾಕು."

"ಹಾಗೆ ನಾನು ಹೇಳ್ಲಿಲ್ಲ."

"ಯೊ ಉನ್ಸೊಲ್ ಸೋಲ್ತಾಳೆ ಅಂತ ನಿನಗೆ ಹೇಳಿದ್ದು ಯಾರು?"

ಬ್ಯೊನ್ ಜೆಗಾಲ್‌ನತ್ತ ನೋಡಿದ. ಜೆಗಾಲ್ ಸಾರಿನಲ್ಲೇ ಮುಳುಗಿದ್ದ. ಕೊನೆಗೆ ಬ್ಯೊನ್ ಜೇಬಿನಿಂದ ಫೋನ್ ತೆಗೆದ.

"ಒಂದು ಹರಟೆ ಗುಂಪಿದೆ ಅಣ್ಣ. ಆರುನೂರು ಜನ. ಅದ್ರಲ್ಲಿ 'ಬೆಳಗಿನ ಇಬ್ಬನಿ' ಅಂತ ಒಬ್ಬ. ನಾವೆಲ್ಲ ಇಬ್ಬನಿ ಅಣ್ಣ ಅಂತೀವಿ. ಅವನು ಈ ಹುಡುಗಿ ಒಬ್ಬಳ ಬಗ್ಗೆ ಮಾತ್ರ ಹೇಳ್ತಾನೆ. ಬೇರೆ ಯಾರ ಬಗ್ಗೆ ಕೇಳಿದ್ರೂ ಉತ್ತರ ಇಲ್ಲ. ಏಪ್ರಿಲ್‌ನಿಂದ ಹನ್ನೊಂದು ಸಲ ಹೇಳಿದ, ಹನ್ನೊಂದೂ ನಿಜ ಆಯ್ತು. ಗೆಲ್ತಾಳೆ ಅಂದ್ರೆ ಗೆದ್ಳು, ಸೋಲ್ತಾಳೆ ಅಂದ್ರೆ ಸೋತ್ಳು. ಭಾನುವಾರದ್ದು ಹನ್ನೆರಡನೇದು. ಜನ ಮುಗಿಬಿದ್ರು. 7.50ಕ್ಕೆ ಸೈಟಿನವರು ಹೆದರಿ ಆ ಜೋಡಿನೇ ಮುಚ್ಚಿಬಿಟ್ರು."

"ನೀನೆಷ್ಟು ಕಟ್ಟಿದ್ದೆ?"

"ಅಣ್ಣಾ…"

"ಅದು ಬೇರೆ ಕೇಸು. ಆಮೇಲೆ ಬರ್ತೀನಿ. ಫೋನ್ ಇಲ್ಲಿ ಕೊಡು."

ಫೋನನ್ನು ವಶಕ್ಕೆ ಪಡೆದ ಪತ್ರಕ್ಕೆ ಬ್ಯೊನ್ ಮೆಣಸಿನ ಕೈಯಲ್ಲೇ ಸಹಿ ಹಾಕಿದ.

ಠಾಣೆಯಲ್ಲಿ ತಾಕ್ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಇಬ್ಬನಿಯ ಮಾತುಗಳನ್ನೆಲ್ಲ ಮುದ್ರಿಸಿ ಗೋಡೆಗೆ ಅಂಟಿಸಿದಳು. ಹನ್ನೊಂದು ಗಂಟೆಗೆ ವಿಭಾಗದ ಮುಖ್ಯಸ್ಥ ಬಂದು ಅದನ್ನು ಓದಿದ.

"ಇದರಲ್ಲಿ ಯೋಚಿಸೋಕೆ ಏನಿದೆ ಪ್ಯೊ? ದಿನಾ ಬೆಳಿಗ್ಗೆ ಆ ಹುಡುಗಿಯನ್ನ ಹತ್ತಿರದಿಂದ ನೋಡೋಳು ಅವಳ ಕ್ಯಾಡಿ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಏಪ್ರಿಲ್‌ನಿಂದ ಈ ಇಬ್ಬನಿ ಶುರು. ದೂರು ಕೊಟ್ಟೋಳೇ ಕಳ್ಳಿ. ಒಳಗೆ ಹಾಕು, ಮುಗೀತು."

"ಮುಗೀಲಿಲ್ಲ ಸರ್."

"ಏನು ಮುಗೀಲಿಲ್ಲ?"

"ನನಗೆ ಮುಗಿದಿಲ್ಲ!" ಪ್ಯೊನ ದನಿ ಹೊರಗಿನ ಬೆಂಚಿನವರೆಗೆ ಕೇಳಿಸಿತು. "ಸಿಕ್ಕಿಬೀಳೋಳು ಕೋಲನ್ನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಮ್ಮ ಮೇಜಿನ ಮೇಲೆ ತಂದಿಡ್ತಾಳಾ? ಶುಕ್ರವಾರದವರೆಗೆ ಟೈಮ್ ಕೊಡಿ. ಆಮೇಲೂ ಅವಳೇ ಅಂತಾದ್ರೆ ನಾನೇ ಬೇಡಿ ಹಾಕ್ತೀನಿ."

ಮುಖ್ಯಸ್ಥ ಹೋದ ಮೇಲೆ ತಾಕ್ ಗೋಡೆಯ ಮೇಲಿದ್ದ ಭಾನುವಾರದ ಹಾಳೆಯ ಮೇಲೆ ಬೆರಳಿಟ್ಟಳು.

"ಸರ್, ಇದನ್ನ ಓದಿ. ಬೆಳಿಗ್ಗೆ 6.35."

ಹಾಳೆಯಲ್ಲಿ ಹೀಗಿತ್ತು: ಇವತ್ತು ಸೋಲ್ತಾಳೆ. ಎಡಗಾಲಿನ ದಾರ ಎರಡು ಸಲ ಬಿಚ್ಚಿ ಕಟ್ಟಿದ್ಳು. ನಿದ್ದೆಗೆಟ್ಟ ದಿನ ಹೀಗೆ ಮಾಡ್ತಾಳೆ. ಹನ್ನೆರಡನೇ ವಯಸ್ಸಿಂದ ಇದೇ ಅಭ್ಯಾಸ.

ಪ್ಯೊ ಎರಡು ಸಲ ಓದಿದ.

"ಹನ್ನೆರಡನೇ ವಯಸ್ಸಿಂದ," ಅಂದಳು ತಾಕ್. "ಮ್ಯೊಂಗ್ಜಾ ಅವಳನ್ನ ಮೊದಲ ಸಲ ನೋಡಿದ್ದೇ ಈ ಏಪ್ರಿಲ್‌ನಲ್ಲಿ."

ಕೆಳಗೆ ಇನ್ನೂ ಇತ್ತು. 7.40ಕ್ಕೆ ಯಾರೋ ಕೇಳಿದ್ದ: ಇಬ್ಬನಿ ಅಣ್ಣ, ಮೈದಾನದಲ್ಲಿರೋ ನಮ್ಮ ಹುಡುಗ ಹೇಳ್ತಿದಾನೆ, ಅವಳು ಅಭ್ಯಾಸದಲ್ಲಿ ಒಂದೂ ತಪ್ಪಿಸ್ತಿಲ್ಲವಂತೆ? ಇನ್ನೊಬ್ಬ ಬರೆದಿದ್ದ: ಅಣ್ಣನಿಗೆ ವಯಸ್ಸಾಯ್ತು, ಕಣ್ಣು ಮಂಜು. ಮೂರನೆಯವನು ನಗುವ ಚಿತ್ರ ಹಾಕಿದ್ದ. ಇಬ್ಬನಿ 7.46ಕ್ಕೆ ಉತ್ತರ ಕೊಟ್ಟಿದ್ದ: ಅವಳನ್ನ ನನಗಿಂತ ಬಲ್ಲೋರು ಯಾರೂ ಇಲ್ಲ. ನೋಡ್ತಿರಿ.

ಪ್ಯೊ ಮ್ಯೊಂಗ್ಜಾಳನ್ನು ಕರೆಸಿ ಖಾಲಿ ಗಾಲ್ಫ್ ಚೀಲವೊಂದನ್ನು ಅವಳ ಮುಂದಿಟ್ಟ.

"ಒಂಬತ್ತನೇದನ್ನ ನೀವು ಎಲ್ಲಿ ಇಡ್ತೀರಿ?"

ಅವಳು ಬಲಗಡೆಯ ಖಾನೆ ತೋರಿಸಿದಳು. "ಇಲ್ಲಿ. ಎಂಟರ ಪಕ್ಕ."

"ಹುಡುಗಿ ಹದಿನೈದನೇದನ್ನ ಎಳೆದಿದ್ದು ಎಲ್ಲಿಂದ?"

"ಎಡಗಡೆ ಕೆಳಗಿನ ಖಾನೆಯಿಂದ. ಅಲ್ಲಿ ನಾನು ಟವೆಲ್ ಇಡೋದು ಅಷ್ಟೇ."

"ಟವೆಲ್ ಇಡೋ ಖಾನೆಗೆ ಅವಳ ಕೈ ಒಂಬತ್ತು ಹುಡುಕಿಕೊಂಡು ಯಾಕೆ ಹೋಯ್ತು?"

ಮ್ಯೊಂಗ್ಜಾ ನಿಧಾನವಾಗಿ ಹೇಳಿದಳು: "ಹಳೇ ಜಾಗ ಇರಬೇಕು. ಅಪ್ಪ ಹೊರ್ತಿದ್ದ ಒಂಬತ್ತು ವರ್ಷವೂ ಆ ಖಾನೆಯಲ್ಲೇ ಇತ್ತೋ ಏನೋ. ಆತುರದಲ್ಲಿ ಕೈಗೆ ಅದೇ ನೆನಪಾಗುತ್ತೆ."

"ಭಾನುವಾರ ಎಂಟು ಗಂಟೆ ಆದ್ಮೇಲೆ ಚೀಲದ ಹತ್ರ ಯಾರು ಬಂದ್ರು?"

"ಯಾರೂ ಬರ್ಲಿಲ್ಲ."

"ಅಪ್ಪ?"

"ಅಪ್ಪ ಬಂದ್ರು. ಅವರು ದಿನಾ ಬರ್ತಾರೆ, ಬಾರ್ಲಿ ಚಹಾ ಫ್ಲಾಸ್ಕ್ ತಂದು ಚೀಲದಲ್ಲಿ ಇಡ್ತಾರೆ. ಅವರನ್ನ ಲೆಕ್ಕಕ್ಕೆ ಹಿಡೀಬೇಕಾ? ಅಪ್ಪ ಅಲ್ವಾ?"

"ಫ್ಲಾಸ್ಕ್ ಒಂದೇನಾ?"

"ಅವತ್ತು ಕೊಡೆನೂ ತಂದ್ರು. ಉದ್ದದ್ದು, ಬಟ್ಟೆ ಚೀಲದಲ್ಲಿ ಹಾಕಿ. 'ಆಕಾಶ ಇಷ್ಟು ತಿಳಿಯಾಗಿದೆ, ಕೊಡೆ ಯಾಕೆ ಯಜಮಾನ್ರೇ' ಅಂದೆ. ಚೀಲಕ್ಕೆ ಇಳಿಸಿ ಆಗಿತ್ತು, ನಕ್ಕು ವಾಪಸ್ ಎತ್ಕೊಂಡು ಹೋದ್ರು." ಮ್ಯೊಂಗ್ಜಾಳ ಬಾಯಿ ಅಲ್ಲಿಗೇ ನಿಂತಿತು. ಎರಡೂ ಕೈಯಲ್ಲಿ ಖಾಲಿ ಚೀಲದ ಅಂಚು ಹಿಡಿದುಕೊಂಡಳು. "ಅಯ್ಯೋ. ಆ ಹುಡುಗಿಗೆ ಇದನ್ನ ಹೇಳ್ಬೇಡಿ."

"ನಿಮ್ಮ ಹೊಟ್ಟೆಪಾಡು ಹೋಗ್ತಿದೆ, ಇನ್ನೂ ಹುಡುಗಿ ಚಿಂತೆನಾ ನಿಮಗೆ?" ಪ್ಯೊ ರೇಗಿದ. ಆಮೇಲೆ ಅವಳಿಗೆ ನೀರು ಕೊಡಲು ತಾನೇ ಎದ್ದ.

ಅನುಮಾನ ಬಂದರೆ ಸಾಲದು. ನ್ಯಾಯಾಧೀಶರ ಮುಂದೆ ಟವೆಲ್ ಖಾನೆ, ಶೂ ದಾರ ಅಂತ ಹೇಳಿದರೆ ನಗುತ್ತಾರೆ. ಬುಧವಾರ ಜೆಗಾಲ್‌ನನ್ನು ವಾಹನ ನಿಲ್ದಾಣದ ಕೆಲಸಕ್ಕೆ ಹಚ್ಚಿದರು. ಇಲ್ಲಿ ಗಾಜಿನ ಮುಂದೆ ಕ್ಯಾಮೆರಾ ಇಲ್ಲದ ಕಾರೇ ಇಲ್ಲ. ಮೈದಾನದವರ ಕ್ಯಾಮೆರಾ ಚೀಲ ಇಟ್ಟಿದ್ದ ಮೂಲೆಯನ್ನು ತೋರಿಸದಿದ್ದರೂ, ಆ ಕಡೆಗೆ ಮುಖ ಮಾಡಿ ನಿಂತಿದ್ದ ಕಾರುಗಳು ಇರಲೇಬೇಕು. ಜೆಗಾಲ್ ಭಾನುವಾರದ ಮೂವತ್ತೊಂದು ಕಾರುಗಳ ಮಾಲೀಕರಿಗೆ ಫೋನ್ ಮಾಡಿದ. ಒಬ್ಬ ಬೈದ, ಇಬ್ಬರು ಫೋನಿಟ್ಟರು, ಹದಿನಾಲ್ಕು ಜನರ ಚಿತ್ರ ಆಗಲೇ ಅಳಿಸಿಹೋಗಿತ್ತು. ಸಂಜೆ 4ಕ್ಕೆ ಒಬ್ಬ ಹಲ್ಲಿನ ಡಾಕ್ಟರ ಕಾರಿನಲ್ಲಿ ಬೇಕಾದ್ದು ಸಿಕ್ಕಿತು. 8.11. ಮನ್ಬೊಕ್ ಬಿಳಿ ವ್ಯಾನಿನ ಹಿಂಬಾಗಿಲು ತೆರೆಯುತ್ತಾನೆ. ಉದ್ದನೆಯ ಕೊಡೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾನೆ. 8.13. ವಾಪಸ್ ಬರುತ್ತಾನೆ. ಹೋಗುವಾಗ ಕೊಡೆ ಚೀಲ ಬಿಗಿಯಾಗಿತ್ತು, ಬರುವಾಗ ಜೋಲುತ್ತಿತ್ತು.

"ಸರ್, ಡಾಕ್ಟ್ರು ನಿಮ್ಮ ಹಲ್ಲು ಪುಕ್ಕಟೆ ನೋಡ್ತೀನಿ ಅಂದ್ರು," ಅಂದ ಜೆಗಾಲ್.

"ಕೇಸ್ ಮುಗೀಲಿ, ಆಮೇಲೆ ಕೀಳಲಿ."

ಅದೇ ದಿನ ಪ್ಯೊ ಮತ್ತು ತಾಕ್ ಹದಿನೈದನೆಯ ಕೋಲನ್ನು ವೊಂಜು ಪಟ್ಟಣದ ಕುಕ್ ಎಂಬ ಕುಶಲಕರ್ಮಿಯ ಬಳಿಗೆ ಒಯ್ದರು. ವೃತ್ತಿ ಆಟಗಾರರ ಕೋಲುಗಳನ್ನು ಮೈಗೆ ತಕ್ಕಂತೆ ಬಗ್ಗಿಸುವುದು ಅವನ ಕೆಲಸ. ಕುಕ್ ಕೋಲನ್ನು ಅಳತೆಯ ಯಂತ್ರಕ್ಕೆ ಸಿಕ್ಕಿಸಿ ಮುಳ್ಳು ನೋಡಿದ, ಆಮೇಲೆ ಹಿಡಿಯನ್ನು ಒತ್ತಿ ನೋಡಿದ.

"ಎಲ್ಲಿ ಸಿಕ್ತು ಇದು? ಇದು ಉನ್ಸೊಲ್ ಮರಿದು."

"ಇದೇ ತಯಾರಿಕೆಯ ಕೋಲು ಸಾವಿರ ಇರುತ್ತೆ."

"ಸಾವಿರ ಇರ್ಲಿ. ಈ ಬಾಗು ಇನ್ನೊಂದಕ್ಕಿಲ್ಲ. ಆ ಹುಡುಗಿ ಹನ್ನೊಂದು ವರ್ಷದಲ್ಲಿ ಹಣ್ಣಿನ ಮರದಿಂದ ಬಿದ್ದು ಎಡ ಮೊಣಕೈ ಮುರ್ಕೊಂಡ್ಳು. ಕೈ ಪೂರ್ತಿ ಚಾಚೋಕೆ ಆಗಲ್ಲ. ಅದಕ್ಕೆ ತಕ್ಕ ಹಾಗೆ ನಾನೇ ಬಗ್ಗಿಸಿದ್ದು. ಹಿಡಿಯ ಒಳಗೆ ಬಲಗೈ ಜಾಗಕ್ಕೆ ಮೂರು ಸುತ್ತು ಟೇಪು ಜಾಸ್ತಿ ಇದೆ, ಬಿಚ್ಚಿ ನೋಡಿ."

ಬಿಚ್ಚಿದರು. ಮೂರು ಸುತ್ತು ಇತ್ತು.

"ಇಂಥ ಸೆಟ್ಟು ಎಷ್ಟು ಮಾಡಿದೀರಿ?"

"ಎರಡು. ಒಂದು ಆಡೋಕೆ, ಒಂದು ಹೆಚ್ಚುವರಿ. ಹೆಚ್ಚುವರಿದು ಅವರಪ್ಪ ವ್ಯಾನಿನಲ್ಲಿ ಇಟ್ಕೊಂಡಿರ್ತಾರೆ. ಮುರಿದ್ರೆ ಬೇಕಾಗುತ್ತೆ ಅಂತ. ಒಳ್ಳೇ ಮನುಷ್ಯ. ಇಷ್ಟು ಸ್ವಚ್ಛವಾಗಿ ಕೋಲು ಇಟ್ಕೊಳ್ಳೋರು ಇಲ್ಲ. ನೋಡಿ, ಗೆರೆಗಳ ಸಂದಿಯಲ್ಲಿ ಒಂದು ಕಣ ಮಣ್ಣಿಲ್ಲ. ಹಲ್ಲುಜ್ಜೋ ಬ್ರಷ್‌ನಲ್ಲಿ ತೊಳೀತಾರೆ."

ದಾರಿಯಲ್ಲಿ ತಾಕ್ ಹೇಳಿದಳು: "ಸರ್, ಬೇರೆ ಯಾರಾದ್ರೂ ಆಗಿದ್ರೆ ಎಲ್ಲಿಂದಲೋ ಒಂದು ಹಾಳು ಕೋಲು ತಂದು ತುರುಕ್ತಿದ್ರು. ನಮಗೆ ಸುಳಿವೇ ಸಿಕ್ತಿರಲಿಲ್ಲ."

"ಅವನಿಗೆ ಮನಸ್ಸು ಬರಲಿಲ್ಲ," ಅಂದ ಪ್ಯೊ. "ಮಗಳ ಚೀಲಕ್ಕೆ ಅವಳ ಅಳತೆದಲ್ಲದ್ದು ಹಾಕೋಕೆ. ತಿಕ್ಕಿ ತೊಳೆದು ಅದರ ಜಾಗದಲ್ಲೇ ಇಟ್ಟಿದಾನೆ. ಮೂರ್ಖ."

ಗುರುವಾರ, ಅಕ್ಟೋಬರ್ 17, ಬೆಳಿಗ್ಗೆ 10.05ಕ್ಕೆ ಶೋಧನಾ ವಾರಂಟ್‌ನೊಂದಿಗೆ ಮನ್ಬೊಕ್‌ನ ವ್ಯಾನ್ ತೆರೆಸಿದರು. ಪಂಚರಾಗಿ ಅತಿಥಿಗೃಹದ ಮ್ಯಾನೇಜರ್ ಮತ್ತು ಒಬ್ಬ ಹುಲ್ಲು ಕತ್ತರಿಸುವ ಕೆಲಸಗಾರ. ಪಂಚನಾಮೆಯಲ್ಲಿ ಬರೆದದ್ದು: ಗಾಲ್ಫ್ ಚೀಲ ಒಂದು, ಕೋಲುಗಳು ಹದಿಮೂರು, ಒಂಬತ್ತನೇ ನಂಬರಿನದು ಇಲ್ಲ, ಉದ್ದ ಕೊಡೆ ಒಂದು, ಚೀಲ ಸಹಿತ, ಹಲ್ಲುಜ್ಜುವ ಬ್ರಷ್ ಎರಡು, ಮಡಿಸುವ ಕುರ್ಚಿ ಒಂದು, ದುರ್ಬೀನು ಒಂದು.

ಅವನ ಫೋನಿನಲ್ಲಿ 'ಬೆಳಗಿನ ಇಬ್ಬನಿ' ಇತ್ತು. ಅಳಿಸುವ ಗೋಜಿಗೂ ಅವನು ಹೋಗಿರಲಿಲ್ಲ.

ಠಾಣೆಯಲ್ಲಿ ಮನ್ಬೊಕ್ ಮಂಡಿ ಉಜ್ಜಿಕೊಳ್ಳುತ್ತಾ ಕೂತ. ಪ್ಯೊ ಎದುರು ಕೂತ. ತಾಕ್ ಬರೆದುಕೊಂಡಳು.

"ಇದು ನಿಮ್ಮ ವ್ಯಾನಿನ ಸೆಟ್ಟಿನ ಕೋಲಾ?"

"ಹೌದು."

"ಇಟ್ಟಿದ್ದು ನೀವಾ?"

"ಹೌದು."

"ಮೂರನೇ ಗುಳಿಯಲ್ಲಿ ಅವಳ ಕೈಗೆ ಸಿಗುತ್ತೆ ಅಂತ ಗೊತ್ತಿತ್ತಾ?"

"ನೂರಾ ಇಪ್ಪತ್ತು ಮೀಟರ್, ನೀರು. ಅಲ್ಲಿ ಅವಳಿಗೆ ಗಾಬರಿ. ಕ್ಯಾಡಿ ಕೊಡೋವರೆಗೂ ಕಾಯಲ್ಲ, ತಾನೇ ಎಳೀತಾಳೆ. ಕೈ ಎಡಗಡೆ ಕೆಳಗಿನ ಖಾನೆಗೇ ಹೋಗುತ್ತೆ. ಗೊತ್ತಿತ್ತು."

"ಎಷ್ಟು ಬಾಜಿ ಕಟ್ಟಿದ್ರಿ?"

"ಕಟ್ಟಿಲ್ಲ."

ಪ್ಯೊ ಮೇಜು ಗುದ್ದಿದ. "ಸುಳ್ಳು ಬೊಗಳ್ಬೇಡಿ! ಆರುನೂರು ಜನರಿಗೆ ಹೇಳಿಕೊಟ್ಟು ನೀವು ಕಟ್ಟಿಲ್ವಾ?"

ತಾಕ್ ಒಂದು ಹಾಳೆಯನ್ನು ಪ್ಯೊನ ಮುಂದೆ ಸರಿಸಿದಳು. ಬ್ಯಾಂಕು, ಫೋನು, ಸೈಟು, ಎಲ್ಲವನ್ನೂ ಎರಡೆರಡು ಸಲ ನೋಡಿದ್ದರು. ಏಪ್ರಿಲ್‌ನಿಂದ ಇಂದಿನವರೆಗೆ ಮನ್ಬೊಕ್ ಒಂದು ವೊನ್ ಕೂಡ ಬಾಜಿ ಕಟ್ಟಿರಲಿಲ್ಲ. ಯಾರಿಂದಲೂ ತೆಗೆದುಕೊಂಡೂ ಇರಲಿಲ್ಲ.

ಪ್ಯೊ ಹಾಳೆ ಓದಿ ಕೆಳಗಿಟ್ಟ. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

"ಮತ್ತೆ ಯಾಕೆ ಯಜಮಾನ್ರೇ?"

ಮನ್ಬೊಕ್ ಹೇಳಿದ್ದನ್ನು ತಾಕ್ ಹಾಗೆಯೇ ಬರೆದುಕೊಂಡಳು.

"ಮಾರ್ಚ್‌ನಲ್ಲಿ ಊಟ ಮಾಡ್ತಾ ಅವಳು ಅಂದ್ಳು, 'ಅಪ್ಪಾ, ಈ ವರ್ಷದಿಂದ ನೀನು ಹಗ್ಗದ ಆಚೆ ನಿಂತ್ಕೊ.' ಸರಿ ಅಂದೆ. ಒಂಬತ್ತು ವರ್ಷ ಪಕ್ಕದಲ್ಲಿ ನಡೆದಿದ್ದೆ. ಹಗ್ಗದ ಆಚೆ ನಿಂತ್ರೆ ಮಾತಾಡೋಕೆ ಯಾರೂ ಇಲ್ಲ. ಹೊತ್ತು ಹೋಗ್ಲಿ ಅಂತ ಆ ಗುಂಪಿಗೆ ಸೇರಿದೆ. ಒಂದಿನ ಅದ್ರಲ್ಲಿ ಯಾರೋ ಇವಳು ಗೆಲ್ತಾಳೆ ಅಂತ ಬರೆದಿದ್ದ. ಅವನಿಗೇನು ಗೊತ್ತು? ಅವತ್ತು ಅವಳ ಮೊಣಕೈ ನೋಯ್ತಿತ್ತು, ನಾನು ದೂರದಿಂದಲೇ ನೋಡಿದ್ದೆ. ಇಲ್ಲ, ಸೋಲ್ತಾಳೆ ಅಂದೆ. ಸೋತ್ಳು. ಅವತ್ತು ನೂರಾರು ಜನ ನನ್ನ ಮಾತು ಕೇಳಿದ್ರು. 'ಅಣ್ಣಾ, ಅವಳನ್ನ ನಿಮ್ಮಷ್ಟು ಬಲ್ಲೋರಿಲ್ಲ' ಅಂದ್ರು. ಅಷ್ಟೇ ಸಾಹೇಬ್ರೇ. ಅವಳು ಹ್ಞೂಂ ಅನ್ನೋದನ್ನ ನಿಲ್ಲಿಸಿದ ಮೇಲೆ ಅವರು ಅಂದ್ರು."

"ಭಾನುವಾರ?"

"ಸೋಲ್ತಾಳೆ ಅಂದೆ. ಅವಳು ನೋಡಿದ್ರೆ ಅಭ್ಯಾಸದಲ್ಲಿ ಒಂದೂ ಬಿಡ್ತಿಲ್ಲ. ಗುಂಪಿನಲ್ಲಿ ನಗೋಕೆ ಶುರು ಮಾಡಿದ್ರು. ಅವಳು ಗೆದ್ದಿದ್ರೆ…" ಅವನು ಕೈ ಎತ್ತಿ ಇಳಿಸಿದ. "ನನಗೂ ಅವಳು ಗೊತ್ತಿಲ್ಲ ಅಂತ ಆಗ್ತಿತ್ತು."

"ಮ್ಯೊಂಗ್ಜಾ ಹೊಟ್ಟೆ ಮೇಲೆ ಹೊಡೆದ್ರಲ್ಲ?"

"ಅದು ತಪ್ಪು," ಅಂದ ಮನ್ಬೊಕ್. "ಅವರು ಒಳ್ಳೇ ಕ್ಯಾಡಿ. ಟವೆಲ್ ಮಾತ್ರ ಆ ಖಾನೆಯಲ್ಲಿ ಇಡಬಾರದು."

ಮಧ್ಯಾಹ್ನ 1.20ಕ್ಕೆ ಅವನನ್ನು ಬಂಧಿಸಲಾಯಿತು. ವಂಚನೆಯಿಂದ ಪಂದ್ಯಕ್ಕೆ ಅಡ್ಡಿ ಮಾಡಿದ್ದು, ಅಕ್ರಮ ಬಾಜಿಗೆ ನೆರವಾದದ್ದು. ಹೇಳಿಕೆಯ ಪ್ರತಿ ಹಾಳೆಗೂ ಅವನು ಓದದೆ ಸಹಿ ಹಾಕಿದ. ಒಂದು ಕಡೆ ಮಾತ್ರ ತಡೆದು, 'ಒಂಬತ್ತು ವರ್ಷ' ಎಂದಿದ್ದನ್ನು 'ಒಂಬತ್ತು ವರ್ಷ ಎರಡು ತಿಂಗಳು' ಎಂದು ತಿದ್ದಿಸಿದ.

ಶುಕ್ರವಾರ 10 ಗಂಟೆಗೆ ಪ್ಯೊ ತಾನೇ ಸಂಘದ ವಿಚಾರಣೆಗೆ ಹೋಗಿ ತನಿಖಾ ವರದಿ ಓದಿದ. ಸಂಘದವರಲ್ಲಿ ಒಬ್ಬ, ಆದರೂ ಎಣಿಸಬೇಕಿತ್ತಲ್ಲ ಎಂದು ಗೊಣಗಿದ. ಪ್ಯೊ ಅವನನ್ನು ನೋಡಿದ ರೀತಿಗೆ ಅವನು ಮಾತು ಮುಂದುವರಿಸಲಿಲ್ಲ. 10.50ಕ್ಕೆ ಗಿಲ್ ಮ್ಯೊಂಗ್ಜಾಳ ಕಾರ್ಡ್ ಅವಳ ಕೈಗೆ ಬಂತು. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, ಯಾರಿಗೂ ಥ್ಯಾಂಕ್ಸ್ ಹೇಳದೆ, ನೆಟ್ಟಗೆ ಹೊರಗೆ ನಡೆದಳು.

ಹೊರಗೆ ಬೆಂಚಿನ ಮೇಲೆ ಉನ್ಸೊಲ್ ಕೂತಿದ್ದಳು. ಮ್ಯೊಂಗ್ಜಾ ಅವಳ ಪಕ್ಕ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಪ್ಯೊ ದಾಟಿ ಹೋಗುವಾಗ ಹುಡುಗಿ ತಲೆ ಎತ್ತಿದಳು.

"ಇನ್ಸ್‌ಪೆಕ್ಟರ್, ಒಂದೇ ಒಂದು ಕೇಳ್ತೀನಿ. ಅವತ್ತು ಬೆಳಿಗ್ಗೆ ಆರೂವರೆಗೇ ನಾನು ಸೋಲ್ತೀನಿ ಅಂತ ಅಪ್ಪನಿಗೆ ಯಾಕೆ ಅನ್ನಿಸ್ತು?"

"ಎಡಗಾಲಿನ ಶೂ ದಾರ ಎರಡು ಸಲ ಕಟ್ಟಿದ್ರಂತೆ. ನಿದ್ದೆಗೆಟ್ಟ ದಿನ ನೀವು ಹಾಗೆ ಮಾಡ್ತೀರಿ ಅಂದ್ರು."

ಉನ್ಸೊಲ್ ತನ್ನ ಕಾಲಿನ ಶೂಗಳನ್ನೇ ನೋಡುತ್ತಾ ಕೂತಳು.

"ಹೊಸ ದಾರ ಅದು," ಅಂದಳು ಕೊನೆಗೆ. "ಜಾರ್ತಿತ್ತು. ಅವತ್ತು ನಾನು ಚೆನ್ನಾಗೇ ನಿದ್ದೆ ಮಾಡಿದ್ದೆ."